ಆಡದೆ ಓದಿದ ಆಟಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಜೀವನದಲ್ಲಿ ಒಂದೇ ಒಂದು ವಿಡಿಯೋ ಗೇಮನ್ನೂ ಆಡಿದವಳಲ್ಲ. ಆದರೆ ವಿಡಿಯೋ ಗೇಮ್ ಪತ್ರಿಕೆಗಳನ್ನು ಮೂವತ್ತು ವರ್ಷಗಳಿಂದ ಓದುತ್ತಿದ್ದೇನೆ. ಇದರಲ್ಲಿ ವಿಚಿತ್ರವೇನೂ ಇಲ್ಲ ಎಂದು ನನ್ನ ವಾದ. ಸಕ್ಕರೆ ಕಾಯಿಲೆಯಿದ್ದ ನನ್ನ ನಾನಿ ವಾರಪತ್ರಿಕೆಯ ಸಿಹಿತಿಂಡಿ ಪುಟವನ್ನು ಒಂದಕ್ಷರ ಬಿಡದಂತೆ ನನ್ನಿಂದ ಓದಿಸಿಕೊಂಡು, ಕೊನೆಯಲ್ಲಿ ‘ಏಲಕ್ಕಿ ಸ್ವಲ್ಪ ಜಾಸ್ತಿಯಾಯಿತು’ ಎಂದು ತೀರ್ಪು ಕೊಡುತ್ತಿದ್ದರು. ನಾನು ಅವರ ಮೊಮ್ಮಗಳು.

ದಾವಣಗೆರೆಯಲ್ಲಿ ನನ್ನ ಅಬ್ಬಾ ಅವರದು ಬೈಂಡಿಂಗ್ ಅಂಗಡಿ. ಕಚೇರಿಗಳ ದಪ್ಪ ದಪ್ಪ ರಿಜಿಸ್ಟರುಗಳನ್ನು ಹೊಲಿದು, ರಟ್ಟು ಹಾಕಿ, ಆ ರಟ್ಟಿನ ಒಳಬದಿಗೆ ಗಟ್ಟಿಯಾದೊಂದು ಕಾಗದ ಅಂಟಿಸುವುದು ಅವರ ಕಸುಬು. ಒಳಗೆ ಅಂಟಿಸುವ ಕಾಗದ ನುಣುಪಾಗಿದ್ದರೆ ಗೆದ್ದಲು ಬೇಗ ಹಿಡಿಯುವುದಿಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ಬೆಂಗಳೂರಿನಿಂದ ರದ್ದಿಯಲ್ಲಿ ಬರುವ ಹೊಳಪು ಕಾಗದದ ವಿದೇಶಿ ಪತ್ರಿಕೆಗಳನ್ನು ಕಟ್ಟುಗಟ್ಟಲೆ ತರಿಸುತ್ತಿದ್ದರು. ಫ್ಯಾಷನ್ ಪತ್ರಿಕೆಗಳನ್ನು ಮುಟ್ಟುತ್ತಿರಲಿಲ್ಲ. ಸರ್ಕಾರಿ ರಿಜಿಸ್ಟರಿನ ಒಳಗೆ ಅರೆಬಟ್ಟೆಯ ಹೆಂಗಸರಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಹೀಗಾಗಿ ಉಳಿದದ್ದು ಮುಖಪುಟ ಹರಿದ ವಿಡಿಯೋ ಗೇಮ್ ಪತ್ರಿಕೆಗಳು. ನಮ್ಮ ಜಿಲ್ಲೆಯ ಎಷ್ಟೋ ಕಡತಗಳ ರಟ್ಟು ತೆಗೆದರೆ ಇವತ್ತಿಗೂ ಮೂರು ತಲೆಯ ರಾಕ್ಷಸನೊಬ್ಬ ಬೆಂಕಿ ಉಗುಳುತ್ತಿರಬಹುದು.

ನನ್ನ ಇಂಗ್ಲಿಷ್ ಕಲಿಕೆ ನಡೆದದ್ದು ಆ ರಟ್ಟುಗಳ ಮೇಲೆ. ಅಬ್ಬಾ ಕೈಗೆ ಸಿಕ್ಕ ಹಾಳೆ ಅಂಟಿಸುತ್ತಿದ್ದರು. ಒಂದು ಆಟದ ವಿಮರ್ಶೆಯ ಮೊದಲರ್ಧ ಒಂದು ರಿಜಿಸ್ಟರಿನಲ್ಲಿ ಸಿಕ್ಕರೆ, ಉಳಿದರ್ಧ ಆಗಲೇ ಯಾವುದೋ ಕಚೇರಿಯ ಕಪಾಟು ಸೇರಿರುತ್ತಿತ್ತು. ಒಮ್ಮೆ ತಲೆಕೆಳಗಾಗಿ ಅಂಟಿದ ಪುಟವನ್ನು ಓದಲು ನಾನೇ ಕತ್ತು ತಿರುಗಿಸಿ ನಿಂತಿದ್ದಾಗ ಅಬ್ಬಾ ಕೈಯಲ್ಲಿದ್ದ ಮೈದಾ ಅಂಟಿನ ಬ್ರಷ್ ಕೆಳಗಿಟ್ಟು, “ಕ್ಯಾ ಹೈ ಅಮ್ಮಾ ಉಸ್ಮೆ?” ಎಂದು ಕೇಳಿದರು. ಏನಿದೆ ಎಂದು ನಾನು ಹೇಳಿದೆ, ಅರ್ಧ ಗಂಟೆ. ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ. ಮರುದಿನದಿಂದ ಹೊಸ ಕಟ್ಟು ಬಂದರೆ ದಾರ ಬಿಚ್ಚದೆ ಪಕ್ಕಕ್ಕಿಟ್ಟು, “ನೀನು ಓದಿ ಮುಗಿಸಮ್ಮ, ಆಮೇಲೆ ಅಂಟಿಸ್ತೀನಿ” ಎನ್ನತೊಡಗಿದರು. ಗಿರಾಕಿಗಳ ರಿಜಿಸ್ಟರುಗಳು ತಡವಾಗುತ್ತಿದ್ದುದಕ್ಕೆ ಕಾರಣ ಯಾರಿಗೂ ತಿಳಿಯಲಿಲ್ಲ.

ಆ ಪತ್ರಿಕೆಗಳ ಸುಖವನ್ನು ಈಗಿನವರಿಗೆ ವಿವರಿಸುವುದು ಕಷ್ಟ. ಈ ಆಟ ನಡೆಯಲು ಕಂಪ್ಯೂಟರಿಗೆ ಏನೇನು ಇರಬೇಕು ಎಂಬ ಪಟ್ಟಿಯೊಂದು ಪ್ರತಿ ವಿಮರ್ಶೆಯ ಮೂಲೆಯಲ್ಲಿ ಇರುತ್ತಿತ್ತು. ನೆರೆಮನೆಯ ಜೋಯಿಸರು ಜಾತಕ ಕೂಡಿಸುವ ಗಾಂಭೀರ್ಯದಿಂದಲೇ ನಾನು ಅದನ್ನು ಓದುತ್ತಿದ್ದೆ. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ ಎಂಬುದು ಬೇರೆ ಮಾತು. ಓದುಗರ ಪತ್ರಗಳ ವಿಭಾಗದಲ್ಲಿ ಯಾವುದೋ ಊರಿನ ಹುಡುಗ ಮತ್ತೊಬ್ಬನನ್ನು ಮೂರು ಸಂಚಿಕೆಗಳ ಉದ್ದಕ್ಕೂ ಬೈಯುತ್ತಿದ್ದ. ನಾನು ಅವರಿಬ್ಬರ ಪರವಾಗಿಯೂ ಮನಸ್ಸಿನಲ್ಲೇ ಉತ್ತರ ಬರೆಯುತ್ತಿದ್ದೆ. ಎಲ್ಲಕ್ಕಿಂತ ಮಿಗಿಲಾದದ್ದು ಕೊನೆಯಲ್ಲಿ ಕೊಡುವ ಅಂಕ. ನೋಟಕ್ಕೆ ಇಷ್ಟು, ಸದ್ದಿಗೆ ಇಷ್ಟು, ಬಾಳಿಕೆಗೆ ಇಷ್ಟು. ಆ ಚಟ ನನಗೆ ಎಷ್ಟು ಅಂಟಿತೆಂದರೆ ಮನೆಗೆ ಬಂದ ನೆಂಟರಿಗೆಲ್ಲ ಒಳಗೊಳಗೇ ಅಂಕ ಹಾಕುತ್ತಿದ್ದೆ. ನನ್ನನ್ನು ನೋಡಲು ನದೀಮ್ ಬಂದಾಗ ನೋಟಕ್ಕೆ ಎಂಬತ್ತೆರಡು ಕೊಟ್ಟಿದ್ದೆ. ಸದ್ದಿಗೆ ಅಂದು ಕೊಟ್ಟ ಎಪ್ಪತ್ತನ್ನು ಮದುವೆಯಾದ ಮೇಲೆ, ಗೊರಕೆ ಕೇಳಿ, ನಲವತ್ತಕ್ಕೆ ಇಳಿಸಿದ್ದೇನೆ. ಬಾಳಿಕೆ ಇನ್ನೂ ಪರೀಕ್ಷೆಯಲ್ಲಿದೆ.

ಹಾಗಾದರೆ ಆಡಲಿಲ್ಲವೇಕೆ ಎಂದು ನೀವು ಕೇಳಬಹುದು. ಬಸ್ ನಿಲ್ದಾಣದ ಹಿಂದೆ ಒಂದು ವಿಡಿಯೋ ಗೇಮ್ ಪಾರ್ಲರ್ ಇತ್ತು. ಅದು ಹುಡುಗರ ರಾಜ್ಯ. ಹುಡುಗಿಯರು ಬರಬಾರದೆಂದು ಯಾರೂ ಬೋರ್ಡು ಹಾಕಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಆಮೇಲೆ ಓದು, ಕೆಲಸ, ಮದುವೆ. ಕೈಯಲ್ಲಿ ಕಾಸು ಬಂದು ಏನು ಬೇಕಾದರೂ ಕೊಳ್ಳಬಹುದಾದ ಕಾಲಕ್ಕೆ, ಇಷ್ಟು ವರ್ಷ ದಡದಲ್ಲಿ ನಿಂತು ಈಜಿನ ಬಗ್ಗೆ ಭಾಷಣ ಮಾಡಿದವಳು ನೀರಿಗಿಳಿದು ನಗೆಪಾಟಲಾಗುವುದೇಕೆ ಎನಿಸಿತು.

ಈಗ ನಾನಿರುವುದು ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ನಲ್ಲಿ. ಚಿಪ್ ಮಾಡುವ ಯಂತ್ರಗಳನ್ನು ಮಾಡುವ ಕೆಲಸಕ್ಕೆ ದಿನಾ ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತೇನೆ. ಹೋಗುವಾಗಲೂ ಎದುರುಗಾಳಿ, ಬರುವಾಗಲೂ ಎದುರುಗಾಳಿ. ಇದು ಹೇಗೆಂದು ಇಲ್ಲಿಯ ಎಂಜಿನಿಯರುಗಳೂ ವಿವರಿಸಲಾರರು. ದಾರಿಯಲ್ಲಿ ಹಳೆ ಸಾಮಾನಿನ ಅಂಗಡಿಯೊಂದಿದೆ, ಕ್ರಿಂಗ್‌ಲೋಪ್ ಎನ್ನುತ್ತಾರೆ. ಒಂದು ಶನಿವಾರ ಅಲ್ಲಿ ಬಾಣಲೆ ಹುಡುಕುತ್ತಿದ್ದವಳಿಗೆ ಡಚ್ ಭಾಷೆಯ ಹಳೆಯ ಗೇಮ್ ಪತ್ರಿಕೆಗಳ ಪೆಟ್ಟಿಗೆಯೇ ಸಿಕ್ಕಿತು. ಮೂಸಿದೆ. ಅದೇ ವಾಸನೆ, ಮೈದಾ ಅಂಟೊಂದನ್ನು ಬಿಟ್ಟು. ಬಾಣಲೆ ಅಲ್ಲೇ ಉಳಿಯಿತು.

ಆಗ ನಾನು ಡಚ್ ಕಲಿಯಲು ಪರದಾಡುತ್ತಿದ್ದೆ. ಪಠ್ಯಪುಸ್ತಕದಲ್ಲಿ ಒಬ್ಬಾತ ಪಾಠದಿಂದ ಪಾಠಕ್ಕೆ ಬ್ರೆಡ್ ಕೊಳ್ಳುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಅವನನ್ನು ಬ್ರೆಡ್ ಅಂಗಡಿಯಲ್ಲೇ ಬಿಟ್ಟು ನಾನು ಪತ್ರಿಕೆಗಳನ್ನು ಹಿಡಿದೆ. ಪರಿಣಾಮವಾಗಿ ನನ್ನ ಡಚ್ ಒಂದು ಥರ ವಿಶೇಷವಾಗಿ ಬೆಳೆಯಿತು. ಪಾಲಕ್ ಸೊಪ್ಪಿಗೆ ಏನೆನ್ನುತ್ತಾರೆ ಎಂದು ಗೊತ್ತಿರಲಿಲ್ಲ, ಆದರೆ ರಾಕ್ಷಸನ ಎಡ ಮೊಣಕಾಲ ಹಿಂದೆ ಹೊಡೆಯಬೇಕು ಎನ್ನುವುದನ್ನು ನಿರರ್ಗಳವಾಗಿ ಹೇಳಬಲ್ಲವಳಾಗಿದ್ದೆ. ಖೆಮೇಂಟೆ, ಅಂದರೆ ಇಲ್ಲಿನ ಪುರಸಭೆ, ಅಲ್ಲಿಯ ಕೌಂಟರಿನಾಕೆ ಇನ್ನೊಂದು ಫಾರಂ ತನ್ನಿ ಎಂದಾಗ, ನನಗೆ ಬಂದ ಏಕೈಕ ಸುಂದರ ವಾಕ್ಯವನ್ನು ಹೇಳಿದೆ: “ಈ ಹಂತ ಅನಗತ್ಯವಾಗಿ ಕಠಿಣವಾಗಿದೆ, ಆದರೆ ವಿನ್ಯಾಸ ಮೆಚ್ಚತಕ್ಕದ್ದು.” ಆಕೆ ನಕ್ಕು ನಕ್ಕು ಫಾರಂ ತಾನೇ ಹುಡುಕಿ ಕೊಟ್ಟಳು.

ಆ ಹಳೆ ಸಾಮಾನಿನ ಅಂಗಡಿಯ ಗಲ್ಲಾದಲ್ಲಿ ಕೂರುವವರು ವಿಮ್. ಅರವತ್ತು ದಾಟಿದ, ತೆಳ್ಳನೆಯ, ಸಂಬಳವಿಲ್ಲದೆ ಸೇವೆ ಮಾಡುವ ಮನುಷ್ಯ. ಇಲ್ಲಿ ಹಿರಿಯರನ್ನೂ ಬರೀ ಹೆಸರು ಹಿಡಿದು ಕರೆಯಬೇಕು. ನಾನು ಬಾಯಲ್ಲಿ ವಿಮ್ ಎಂದು, ಮನಸ್ಸಿನಲ್ಲಿ ‘ಅವರೇ’ ಸೇರಿಸಿಕೊಳ್ಳುತ್ತೇನೆ. ನಾನು ವಾರ ವಾರ ಎರಡೆರಡು ಪತ್ರಿಕೆ ಒಯ್ಯುವುದನ್ನು ನೋಡಿ ಅವರು ಒಂದು ದಿನ, “ಬಹಳ ವರ್ಷಗಳಿಂದ ಆಡುತ್ತೀರೇನು?” ಎಂದು ಕೇಳಿದರು. ನನ್ನ ಹನ್ನೊಂದು ವರ್ಷದ ಮಗಳು ಜೋಯಾ ಪಕ್ಕದಲ್ಲೇ ಇದ್ದಳು. ಅಮ್ಮ ಚಿಕ್ಕಂದಿನಲ್ಲಿ ದೊಡ್ಡ ಆಟಗಾರ್ತಿ ಎಂದು ಅವಳು ಹೇಗೋ ತಿಳಿದುಕೊಂಡಿದ್ದಳು, ಶಾಲೆಯಲ್ಲೂ ಸಾರಿದ್ದಳು, ನಾನು ತಿದ್ದಿರಲಿಲ್ಲ. ಮಕ್ಕಳು ನಮ್ಮ ಬಗ್ಗೆ ಹೆಮ್ಮೆಪಡುವ ವಿಷಯಗಳು ವರ್ಷ ವರ್ಷ ಕಡಿಮೆಯಾಗುತ್ತಿರುವಾಗ ಇದ್ದದ್ದನ್ನು ತಿದ್ದುವ ಧೈರ್ಯ ಯಾವ ತಾಯಿಗಿದೆ? “ಹೌದು, ಚಿಕ್ಕಂದಿನಿಂದ,” ಎಂದುಬಿಟ್ಟೆ.

ಒಂದು ಸುಳ್ಳು ಹೇಳಿದರೆ ಅದಕ್ಕೊಂದು ಆಮಂತ್ರಣ ಬರುತ್ತದೆ. ಗ್ರಂಥಾಲಯದ ಪಕ್ಕದ ಸಭಾಂಗಣದಲ್ಲಿ ಹಳೆಯ ಆಟಗಳ ಪ್ರೇಮಿಗಳು ಸೇರುತ್ತಾರೆ, ಭಾನುವಾರ ಮಧ್ಯಾಹ್ನ ಕ್ವಿಜ್ ಇದೆ, ನೀವು ಬರಲೇಬೇಕು ಎಂದರು ವಿಮ್. ನಾನು ನೆಪ ಹುಡುಕುವ ಮೊದಲೇ ಜೋಯಾ ಒಪ್ಪಿಕೊಂಡಳು. ಮನೆಯಲ್ಲಿ ನದೀಮ್, “ಸುಮ್ನೆ ತಲೆನೋವು ಅಂತ ಹೇಳಿಬಿಡು,” ಎಂದ. ಆದರೆ ಜೋಯಾ ಆಗಲೇ ನನಗಾಗಿ ಬಟ್ಟೆ ಆರಿಸುತ್ತಿದ್ದಳು.

ಸಭಾಂಗಣದಲ್ಲಿ ಇಪ್ಪತ್ತು ಮಂದಿ ಇದ್ದರು, ಹೆಚ್ಚಿನವರು ನನ್ನ ವಯಸ್ಸಿನ ಗಂಡಸರು. ಪ್ರಶ್ನೆ ಕೇಳುವವನು ಜುಟ್ಟು ಕಟ್ಟಿದ ಯೂಸ್ಟ್ ಎಂಬಾತ. ಬೋರ್ಡಿನ ಮೇಲೆ ಅಂಕ ಬರೆಯುವವರು ವಿಮ್. ನಾನು, ಜೋಯಾ ಒಂದು ತಂಡ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಹೋದೆ. ಓದುವುದು ಬಿಟ್ಟು ಬೇರೇನೂ ಮಾಡದವರಿಗೆ ಜ್ಞಾಪಕ ಚೆನ್ನಾಗಿರುತ್ತದೆ. ಒಂಬತ್ತಕ್ಕೆ ಒಂಬತ್ತು. ಜೋಯಾ ಕುರ್ಚಿಯ ಮೇಲೆ ಉಬ್ಬಿ ಕೂತಿದ್ದಳು.

ಹತ್ತನೆಯ ಪ್ರಶ್ನೆ ಒಂದು ಹಳೆಯ ಕೋಟೆಯ ಆಟದ್ದು. ಆರನೆಯ ಮಹಡಿ ದಾಟಿದರೆ ಏನು ಸಿಗುತ್ತದೆ?

ಇದು ಆ ಪೆಟ್ಟಿಗೆಯ ಡಚ್ ಪತ್ರಿಕೆಗಳಲ್ಲಿ ನನಗೆ ತುಂಬಾ ಇಷ್ಟವಾದ ವಿಮರ್ಶೆ. ಬರೆದವರ ಹೆಸರಿರಲಿಲ್ಲ, ಎರಡಕ್ಷರ ಮಾತ್ರ ಇತ್ತು. “ಹೆಪ್ಪುಗಟ್ಟಿದ ಕೊಳ,” ಎಂದೆ. “ಅದರ ತಳದಲ್ಲೊಂದು ಗಂಟೆ ಬಾರಿಸುತ್ತಿರುತ್ತದೆ.”

ಯೂಸ್ಟ್ ಹುಬ್ಬೇರಿಸಿದ. “ಕೊಳ ಇಲ್ಲ. ಚಾವಣಿ ಸಿಗುತ್ತದೆ. ಅಲ್ಲಿಗೆ ಆಟ ಮುಗಿಯಿತು.”

“ಇಲ್ಲ, ಪತ್ರಿಕೆಯಲ್ಲಿದೆ,” ಎಂದು ವಾದಿಸಿದೆ. ಅಚ್ಚಾದದ್ದು ಸುಳ್ಳಾಗಬಹುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಪತ್ರಿಕೆ ಬಿಡಿ. ನಾನು ಅದನ್ನು ಏಳು ಸಲ ಮುಗಿಸಿದ್ದೇನೆ. ನೀವು ಆಡಿದಾಗ ಏನು ನೋಡಿದಿರಿ?”

ಈ ದೇಶದಲ್ಲಿ ಪ್ರಶ್ನೆಗಳು ಸುತ್ತು ಹಾಕಿ ಬರುವುದಿಲ್ಲ, ನೇರ ಎದೆಗೇ ಬರುತ್ತವೆ. ನಮ್ಮ ಕಡೆಯಾದರೆ ಯಾರಾದರೂ ಕೆಮ್ಮಿ, ಚಹಾ ತರಿಸಿ, ಮಾತು ಮರೆಸುತ್ತಿದ್ದರು. ಜೋಯಾ ನನ್ನತ್ತ ನೋಡುತ್ತಿದ್ದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

“ನಾನು ಅದನ್ನು ಆಡಿಲ್ಲ,” ಎಂದೆ. “ಯಾವುದನ್ನೂ ಆಡಿಲ್ಲ. ಓದಿದ್ದೇನೆ, ಅಷ್ಟೆ.”

“ಅಮ್ಮಿ, ನಿಜ ಹೇಳು,” ಎಂದಳು ಜೋಯಾ ಪಿಸುಮಾತಿನಲ್ಲಿ, “ಯು ನೆವರ್ ಪ್ಲೇಡ್? ಒಂದ್ ಸಲನೂ?”

“ಒಂದ್ ಸಲನೂ ಇಲ್ಲಮ್ಮ.”

ಅವಳು ತಲೆ ತಗ್ಗಿಸಿ ಶೂ ಲೇಸ್ ನೋಡಿಕೊಂಡಳು. ನನಗೆ ನೆಲ ಬಿರಿಯಬಾರದೆ ಅನಿಸಿತು. ಆಗಲೇ ಗಮನಿಸಿದ್ದು, ನಾಚಿಕೆಯಿಂದ ಕೆಂಪಾಗಿದ್ದವಳು ಸಭೆಯಲ್ಲಿ ನಾನೊಬ್ಬಳೇ ಅಲ್ಲ. ಬೋರ್ಡಿನ ಪಕ್ಕದಲ್ಲಿ ವಿಮ್ ಕಿವಿಯವರೆಗೂ ಕೆಂಪಾಗಿ ನಿಂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ನೆದರ್ಲೆಂಡ್ಸಿನಲ್ಲಿ.

“ರೇಷ್ಮಾ ಅವರ ತಪ್ಪಲ್ಲ,” ಎಂದರು ವಿಮ್, ನನ್ನತ್ತ ಕೈ ತೋರಿಸಿ. “ಆ ಕೊಳ ನಾನು ಸೃಷ್ಟಿಸಿದ್ದು. ಆಗ ಆ ಪತ್ರಿಕೆಗೆ ಬರೆಯುತ್ತಿದ್ದೆ. ಆಟ ಕೈಗೆ ಬಂದದ್ದು ಶುಕ್ರವಾರ, ಬರಹ ಕೊಡಬೇಕಾದದ್ದು ಸೋಮವಾರ. ನಾಲ್ಕನೇ ಮಹಡಿಯಲ್ಲಿ ಸಿಕ್ಕಿಕೊಂಡೆ. ಮುಂದಿನದನ್ನು ಊಹಿಸಿ ಬರೆದೆ. ಯಾರಾದರೂ ಬಂದು ಕೊಳ ಎಲ್ಲಿ ಎಂದು ಕೇಳುತ್ತಾರೆ ಅಂತ ಎಷ್ಟು ವರ್ಷ ಹೆದರಿದ್ದೆ! ಯಾರೂ ಕೇಳಲಿಲ್ಲ. ಎಲ್ಲರೂ ಕೊನೆಯ ಅಂಕ ನೋಡಿ ಪುಟ ತಿರುಗಿಸುತ್ತಿದ್ದರು.”

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆದರೆ ಒಳಗೆ ಬೇರೇನೋ ಆಗುತ್ತಿತ್ತು. ಇದೇ ನಾಡಿನಲ್ಲಿ ಒಂದು ಕಾಲಕ್ಕೆ ಹಡಗು ಹತ್ತದವರು ಕೂಡ ಕೂತಲ್ಲೇ ಭೂಪಟ ಬರೆಯುತ್ತಿದ್ದರಂತೆ. ತಿಳಿಯದ ಸಮುದ್ರವನ್ನು ಖಾಲಿ ಬಿಡಲು ಮನಸ್ಸಾಗದೆ ಅಲ್ಲೊಂದು ತಿಮಿಂಗಿಲ, ಇಲ್ಲೊಂದು ಮತ್ಸ್ಯಕನ್ಯೆ ಬಿಡಿಸುತ್ತಿದ್ದರಂತೆ. ನಾವಿಕರು ಅವನ್ನು ನಂಬಿದರೋ ಇಲ್ಲವೋ, ಹಡಗೇ ಹತ್ತದ ಯಾರೋ ಒಬ್ಬಳು ನಂಬಿರಬೇಕು. ಆಡಲು ಪುರುಸೊತ್ತಿಲ್ಲದೆ ಬರೆದವರೊಬ್ಬರು, ಆಡಲು ಜಾಗವಿಲ್ಲದೆ ಓದಿದವಳೊಬ್ಬಳು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ, ಪ್ರೀತಿಯೇ ಬಂತು.

ವಿರಾಮದಲ್ಲಿ ವಿಮ್ ಕಾಫಿ ತಂದರು. ಇಲ್ಲಿ ಕಾಫಿಯ ಜೊತೆಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವುದು ಪದ್ಧತಿ. ನನಗೆ ಎರಡು ಕೊಟ್ಟರು. ಎದುರಿಗೆ ಕೂತು ಸ್ವಲ್ಪ ಸಂಕೋಚದಿಂದಲೇ ಕೇಳಿದರು: “ನಾನು ಬರೆದದ್ದು ಒಂದೂವರೆ ವಾಕ್ಯ. ಆ ಕೊಳ ನಿಮಗೆ ಹೇಗೆ ಕಂಡಿತು?”

ಹೇಳಿದೆ. ನಮ್ಮ ಕುಂದವಾಡ ಕೆರೆಯಷ್ಟು ದೊಡ್ಡದು. ದಡದಲ್ಲಿ ಬಟ್ಟೆ ಒಗೆಯುವ ಕಲ್ಲುಗಳಿವೆ, ಅವುಗಳ ಮೇಲೂ ಹಿಮ. ಗಂಟೆಯ ಸದ್ದು ಕಿವಿಗೆ ಕೇಳುವುದಿಲ್ಲ, ಪಾದಕ್ಕೆ ಕೇಳುತ್ತದೆ. ನಿಂತಲ್ಲಿ ಅಂಗಾಲು ಜುಮ್ಮೆನ್ನುತ್ತದೆ. ಇಷ್ಟು ಹೇಳುವಷ್ಟರಲ್ಲಿ ಜೋಯಾ ತನ್ನ ಕುರ್ಚಿಯನ್ನು ನನ್ನ ಮಂಡಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಿದ್ದಳು. “ಬೆಲ್ ಯಾರು ಹೊಡೀತಾರೆ ಅಮ್ಮಿ?” ಎಂದಳು. ಅವಳು ಕೇಳಿದ್ದನ್ನು ವಿಮ್‌ಗೆ ಡಚ್‌ನಲ್ಲಿ ಹೇಳಿದೆ. “ಅದು ನನಗೂ ಗೊತ್ತಿಲ್ಲ, ಹೇಳಿ ಹೇಳಿ,” ಎಂದರು.

ಏಳು ಸಲ ಆಟ ಮುಗಿಸಿದ ಯೂಸ್ಟ್ ಕೂಡ ಕಪ್ಪು ಹಿಡಿದು ಬಂದು ನಿಂತಿದ್ದ. ನೀರು ಹೆಪ್ಪುಗಟ್ಟಿದೆ ಎಂದರೆ ಈ ನಾಡಿನವರಿಗೆ ಕಾಲು ತುರಿಸುತ್ತದೆ. ಮೊದಲು ಕೇಳುವುದೇ ಅದು ಸ್ಕೇಟ್ ಕಟ್ಟಿಕೊಂಡು ಜಾರುವಷ್ಟು ಗಟ್ಟಿಯಿದೆಯೇ ಎಂದು. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಆಗಲಿಲ್ಲ.

“ಮಂಜುಗಡ್ಡೆ ಎಷ್ಟು ದಪ್ಪ ಇತ್ತು?” ಎಂದ.

“ಹೆದರಬೇಡಿ, ತಡೆಯುತ್ತದೆ,” ಎಂದೆ. “ನಾನು ಅದರ ಮೇಲೆ ಎಷ್ಟೋ ಸಲ ಓಡಾಡಿದ್ದೇನೆ.”