ತೋಳಿನ ಬಿಲ್ಲೆ ಹೊತ್ತು ದೇವದುರ್ಗಕ್ಕೆ, ಮಾನ್ವಿಗೆ

ರಾಯಚೂರಿನ ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ಹತ್ತುವಾಗ ಬಿಸಿಲು ಇನ್ನೂ ಏರಿರಲಿಲ್ಲ. ನನ್ನ ಸಿಟ್ಟು ಮಾತ್ರ ಆಗಲೇ ಏರಿತ್ತು. ಕಾರಣ ನನ್ನ ಬಲತೋಳಿನ ಹಿಂಬದಿಗೆ ಅಂಟಿಕೊಂಡಿದ್ದ ಒಂದು ಬಿಳಿ ಬಿಲ್ಲೆ. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದರ ಅಡಿಯಲ್ಲಿ ಕೂದಲೆಳೆಯಂಥ ತಂತು ಚರ್ಮದೊಳಗೆ ಇಳಿದಿರುತ್ತದೆ. ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆದು ನನ್ನ ಫೋನಿಗೆ ಅಂಕಿ ಕಳಿಸುತ್ತದೆ. ಹದಿನಾಲ್ಕು ದಿನ ಬಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದಾರೆ. ರಾಯಚೂರಿನ ಬಿಸಿಲು ಆ ಡಬ್ಬಿಯನ್ನು ಓದಿಲ್ಲ. ಹಚ್ಚಿಕೊಂಡು ವಾರವಾಗಿರಲಿಲ್ಲ, ಬೆವರಿಗೆ ಅಂಟು ಬಿಟ್ಟು ಅಂಚು ಆಗಲೇ ಮೇಲೆದ್ದಿತ್ತು.

ನಾನು ಇದೇ ಊರಿನ ಹೈಸ್ಕೂಲೊಂದರಲ್ಲಿ ಆಟ ಕಲಿಸುವವಳು. ಶಾಲಾ ಹುಡುಗಿಯರ ಕಬಡ್ಡಿ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತೇನೆ. ಕಾಲೇಜಿನಲ್ಲಿದ್ದಾಗಲೇ ಸಕ್ಕರೆ ಕಾಯಿಲೆ ಬಂತು. ಅಂದಿನಿಂದ ಇನ್ಸುಲಿನ್ ಚುಚ್ಚಿಕೊಂಡೇ ಉಂಡಿದ್ದೇನೆ, ಓಡಿದ್ದೇನೆ, ಮಕ್ಕಳನ್ನು ಓಡಿಸಿದ್ದೇನೆ. ವರ್ಷಗಳು ಕಳೆದ ಹಾಗೆ ಒಂದು ತೊಂದರೆ ಸೇರಿಕೊಂಡಿತು. ಸಕ್ಕರೆ ಇಳಿದರೆ ಈಗ ಮೊದಲಿನಂತೆ ಕೈ ನಡುಗುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ನೇರವಾಗಿ ಕಣ್ಣು ಕತ್ತಲಾಗುತ್ತದೆ. ಕಳೆದ ವರ್ಷ ಪಂದ್ಯದ ನಡುವೆ ಹಾಗೇ ಅಂಗಳದಲ್ಲಿ ಕುಸಿದು ಕೂತೆ. ಆಮೇಲೆ ಪಂದ್ಯಗಳಿಗೆ ರೆಫ್ರಿಗಳನ್ನು ಕಳಿಸುವ ಹಿರಿಯರು ನನ್ನನ್ನು ಕರೆದು, "ಮಷೀನು ತೋಳಿನ್ಯಾಗ ಇದ್ರ ಬರ್ರಿ, ಇಲ್ಲಂದ್ರ ಮನ್ಯಾಗ ಇರ್ರಿ" ಎಂದರು. ಈ ಸಲ ಮೊದಲ ದಿನ ದೇವದುರ್ಗ, ಮರುದಿನ ಮಾನ್ವಿ. ಬಿಲ್ಲೆ ತೋಳಿನ ಮೇಲಿದ್ದರೆ ಸೀಟಿ ನನ್ನ ಬಾಯಲ್ಲಿ, ಬಿದ್ದರೆ ಬೇರೆಯವರ ಬಾಯಲ್ಲಿ.

ಎಡತೋಳಿನ ಚರ್ಮ ಹಳೆಯ ಅಂಟಿಗೆ ಸುಲಿದು ಕೆಂಪಾಗಿದ್ದರಿಂದ ಬಲಕ್ಕೆ ಹಚ್ಚಿಕೊಂಡಿದ್ದೆ. ಮನೆಯಿಂದ ಹೊರಡುವಾಗ ಪಕ್ಕದ ಮನೆಯ ಶಾಹೀನ್ ಆಪಾ ಬಿಲ್ಲೆ ಬೀಳದ ಹಾಗೆ ಒಂದು ಉಪಾಯ ತಂದರು. ಪರಊರಿಗೆ ಹೊರಟವರ ಬಲತೋಳಿಗೆ ನಾಣ್ಯ ಸುತ್ತಿದ ಬಟ್ಟೆ ಕಟ್ಟುವುದು ಅವರ ಮನೆಯ ರೂಢಿ. ಇಮಾಮ್ ಜಾಮಿನ್ ಎನ್ನುತ್ತಾರೆ. ಕ್ಷೇಮವಾಗಿ ಊರು ಮುಟ್ಟಿದ ಮೇಲೆ ನಾಣ್ಯವನ್ನು ಬಡವರ ಕೈಗೆ ಹಾಕಬೇಕು. ಆಪಾ ಆ ಹಸಿರು ಬಟ್ಟೆಯನ್ನು ಸರಿಯಾಗಿ ಬಿಲ್ಲೆಯ ಮೇಲೇ ಬಿಗಿದು ಗಂಟು ಹಾಕಿದರು. "ಇನ್ನ ಇದೂ ಬೀಳಂಗಿಲ್ಲ, ನೀನೂ ಬೀಳಂಗಿಲ್ಲ. ಜಾಕೋ ಆವ್ ಮಾ, ಹೋಗಿ ಬಾ" ಎಂದು ಬೆನ್ನು ತಟ್ಟಿ ಕಳಿಸಿದರು.

ದೇವದುರ್ಗಕ್ಕೆ ಐವತ್ತು ಕಿಲೋಮೀಟರಿನ ಆಚೀಚೆ. ಹೆಂಗಸರಿಗೆ ಟಿಕೆಟ್ಟಿನ ಮೇಲೆ ಸೊನ್ನೆ; ಆಧಾರ್ ತೋರಿಸಿದರೆ ಸಾಕು. ಸೀಟು ಸಿಗುವುದು ಮಾತ್ರ ಪುಣ್ಯವಂತರಿಗೆ. ನಿಂತೇ ಹೋದೆ. ಎಡಕ್ಕೊಂದು ಬುಟ್ಟಿ, ಬಲಕ್ಕೊಂದು ಕಂಬ, ಬಿಲ್ಲೆ ಎರಡಕ್ಕೂ ತಾಗದ ಹಾಗೆ ನಾನು ಕಾಲೂರಿದ್ದು ಕಬಡ್ಡಿ ಆಡಿದ್ದಕ್ಕಿಂತ ಕಡಿಮೆಯಲ್ಲ. ಬಟ್ಟೆಯ ಕೆಳಗೆ ಇಣುಕುತ್ತಿದ್ದ ಬಿಳಿ ಅಂಚನ್ನು ನೋಡಿ ಪಕ್ಕದ ಹಿರಿಯರೊಬ್ಬರು ಏನೆಂದು ಕೇಳಿದರು. ಬಾಯಿ ಮುಚ್ಚಿಕೊಂಡಿರಬೇಕಿತ್ತು, ಹೇಳಿಬಿಟ್ಟೆ. ಕಲ್ಮಲಾದಿಂದ ಗಬ್ಬೂರಿನ ತನಕ ಬೇವಿನ ಸೊಪ್ಪು, ಹಾಗಲಕಾಯಿ, ಮೆಂತ್ಯದ ನೀರು. ಗಬ್ಬೂರು ದಾಟಿದ ಮೇಲೆ ಪ್ರಾಣಾಯಾಮ. ಕೊನೆಗೆ, "ಸಿಹಿ ಬಾಳ ತಿಂದಿರಬೇಕು ಸಣ್ಣಾಕಿದ್ದಾಗ" ಎಂದು ತೀರ್ಪನ್ನೂ ಕೊಟ್ಟರು. ಅವರ ಕೈಯಲ್ಲಿ ಜಿಲೇಬಿಯ ಪೊಟ್ಟಣವಿತ್ತು. ನಾನು ಕಿಟಕಿಯಾಚೆಯ ಹತ್ತಿ ಹೊಲಗಳನ್ನು ನೋಡುತ್ತ ಹಲ್ಲು ಕಚ್ಚಿಕೊಂಡೆ.

ದೇವದುರ್ಗದಲ್ಲಿ ಇಳಿದು ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತಿಂದು, ಅದಕ್ಕೆ ಬೇಕಾದಷ್ಟು ಇನ್ಸುಲಿನ್ ಹಾಕಿಕೊಂಡು ಮೈದಾನಕ್ಕೆ ನಡೆದೆ. ಮಳೆಗಾಲ ಮುಗಿದ ಮೇಲಿನ ಬಿಸಿಲು, ಗಾಳಿ ಸತ್ತಿತ್ತು. ಮೊದಲ ಪಂದ್ಯದಲ್ಲೇ ಅನಾಹುತವಾಯಿತು. ಉದ್ದ ಜಡೆಯ ಒಬ್ಬ ಹುಡುಗಿ ಎದುರು ಪಾಳೆಯಕ್ಕೆ ನುಗ್ಗಿ, ಒಬ್ಬಳನ್ನು ಮುಟ್ಟಿ, "ಕಬಡ್ಡಿ ಕಬಡ್ಡಿ" ಎನ್ನುತ್ತ ಗೆರೆಯ ಕಡೆ ತಿರುಗಿದ್ದಳು. ಅಷ್ಟರಲ್ಲಿ ನನ್ನ ಸೊಂಟದ ಚೀಲದಲ್ಲಿದ್ದ ಫೋನು ಕಿರ್ರೆಂದು ಕೂಗಿತು. ಸಕ್ಕರೆ ತೀರಾ ಇಳಿದಿದೆ ಎನ್ನುವ ಕೂಗು ಅದು. ಹುಡುಗಿ ಸಮಯ ಮುಗಿದ ಸೀಟಿ ಎಂದು ತಿಳಿದು ಉಸಿರು ಬಿಟ್ಟು ನಿಂತಳು. ನಾಲ್ಕು ಜನ ಅವಳ ಕಾಲಿಗೆ ಬಿದ್ದು ಹಿಡಿದುಹಾಕಿದರು.

ಆಟ ನಿಲ್ಲಿಸಿದೆ. ಬೆರಳು ಚುಚ್ಚಿ ನೋಡಿದೆ: ನೂರಾ ಹದಿನೆಂಟು. ಫೋನು ಮಾತ್ರ ಐವತ್ತರ ಕೆಳಗೆ ತೋರಿಸುತ್ತಿತ್ತು. ಆಮೇಲೆ ಹೊಳೆಯಿತು, ಆಪಾ ಕಟ್ಟಿದ ಗಂಟು ಬೆವರಿಗೆ ನೆಂದು ಬಿಗಿದು ಬಿಲ್ಲೆಯನ್ನು ಒತ್ತಿ ಹಿಡಿದಿತ್ತು. ಒತ್ತಿದರೆ ಅದಕ್ಕೆ ಅಳತೆ ಸಿಗುವುದಿಲ್ಲ, ಸುಳ್ಳು ಅಂಕಿ ಕೊಡುತ್ತದೆ. ಕಟ್ಟದಿದ್ದರೆ ಬೀಳುತ್ತದೆ, ಕಟ್ಟಿದರೆ ಸುಳ್ಳು ಹೇಳುತ್ತದೆ. ಇಂಥದ್ದನ್ನು ತಯಾರು ಮಾಡಿದವರು ತಂಪು ಕೋಣೆಯಲ್ಲಿ ಕೈ ಅಲ್ಲಾಡಿಸದೆ ಕೂರುವವರನ್ನಷ್ಟೇ ನೋಡಿರಬೇಕು. ಬಟ್ಟೆ ಬಿಚ್ಚಿ ಜೇಬಿಗಿಟ್ಟುಕೊಂಡೆ. ಹುಡುಗಿಗೆ ಮತ್ತೊಮ್ಮೆ ನುಗ್ಗಲು ಅವಕಾಶ ಕೊಟ್ಟೆ. ಅವಳದೇನು ತಪ್ಪು?

ಎದುರು ತಂಡದ ಮಾಸ್ತರರು ಬೆಂಕಿಯಾದರು. "ರೆಫ್ರಿ ಕಡೆ ಫೋನ್ ಯಾಕ್ರೀ ಬೇಕು? ಯಾರ ಮಾತು ಕೇಳಾಕತ್ತೀರಿ ಅದರಾಗ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಹೊರಗಿನಿಂದ ಯಾರೋ ನನಗೆ ತೀರ್ಪು ಹೇಳಿಕೊಡುತ್ತಿದ್ದಾರೆಂದು ಅವರ ಅನುಮಾನ. ತೋಳು ತೋರಿಸಿದೆ, ಬೆರಳಿನ ರಕ್ತ ತೋರಿಸಿದೆ. ಫೋನು ಬಂದ್ ಮಾಡಿ ಎಂದರು ಪಂದ್ಯ ನಡೆಸುವವರು. ಬಂದ್ ಮಾಡಿದರೆ ಬಿಲ್ಲೆ ಇದ್ದೂ ಇಲ್ಲದ ಹಾಗೆ. ಮೇಲಿನವರು ಬಿಲ್ಲೆ ಬೇಕೇ ಬೇಕು ಎನ್ನುತ್ತಾರೆ, ಇಲ್ಲಿನವರು ಅದರ ಬಾಯಿ ಮುಚ್ಚಿಸು ಎನ್ನುತ್ತಾರೆ. ತೀರಾ ಇಳಿದಾಗಿನ ಆ ಕೂಗನ್ನು ಮುಚ್ಚಿಸಲು ನನ್ನ ಫೋನಿನಲ್ಲಿ ದಾರಿಯೇ ಇಲ್ಲ. ಕಡೆಗೆ ಅಂಕ ಬರೆಯುವ ಮೇಜಿನ ಮೇಲೆ ಫೋನಿಟ್ಟು, ಅಂಕಿ ಎಂಬತ್ತರ ಕೆಳಗಿಳಿದರೆ ಕೈ ಎತ್ತಲು ಅಲ್ಲಿ ಕೂತವರಿಗೆ ಹೇಳಿ ಉಳಿದ ಆಟ ಮುಗಿಸಿದೆ. ಆ ಮಾಸ್ತರರ ತಂಡವೇ ಗೆದ್ದಿತು. ಗೆದ್ದ ಮೇಲೆ ಅವರಿಗೆ ನನ್ನ ಫೋನಿನ ಮೇಲೆ ಯಾವ ಅನುಮಾನವೂ ಉಳಿಯಲಿಲ್ಲ.

ಸಂಜೆ ದೇವದುರ್ಗದ ನಿಲ್ದಾಣದಲ್ಲಿ ಕೂತಿದ್ದ ಮುದುಕಿಯ ಕೈಗೆ ಆಪಾ ಕಟ್ಟಿದ ನಾಣ್ಯ ಹಾಕಿ, ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದೆ. ಸಿರವಾರದಲ್ಲಿ ಬಸ್ಸು ಬದಲಿಸಿದೆ. ಕಾಲುವೆ ನೀರು ಕಂಡಲ್ಲೆಲ್ಲ ಭತ್ತ, ತಲೆದೂಗುವ ಹಸಿರು. ನೋಡಲು ಚೆಂದವಿತ್ತು, ಆದರೆ ನನ್ನ ಕೈ ಆಗಾಗ ತೋಳಿಗೇ ಹೋಗುತ್ತಿತ್ತು. ಬಿಲ್ಲೆ ಅರ್ಧಕ್ಕೆ ಅರ್ಧ ಅಂಟು ಬಿಟ್ಟಿತ್ತು. ಮಾನ್ವಿಯ ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಪಟ್ಟಿ ಕೊಂಡು ಸುತ್ತಲೂ ಹಚ್ಚಿಸಿಕೊಂಡೆ.

ಮಾನ್ವಿಯಲ್ಲಿ ನನ್ನ ಸೋದರತ್ತೆ ಗಂಗಮ್ಮನ ಮನೆಯಿದೆ. ತಂದೆಯ ತಂಗಿ. ತವರಿನ ಕಡೆಯ ಹೆಣ್ಣು ಬಂದರೆ ಎಣ್ಣೆ ಹಚ್ಚಿ ತಲೆಗೆ ಎರೆಯದೆ ಕಳಿಸುವ ಪೈಕಿಯಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುವಾಗಲೇ ಹೇಳಿದ್ದೆ: "ಅತ್ತಿ, ತೋಳಿಗೆ ಮಾತ್ರ ಕೈ ಹಚ್ಚಬ್ಯಾಡ. ನಾಳಿ ಇದಿದ್ರನ ನನ್ನ ಕೆಲಸ." ಪಟ್ಟಿಯ ಅಂಚು ತುರಿಸುತ್ತದೆ ಎಂದೂ ಬಾಯಿತಪ್ಪಿ ಹೇಳಿದ್ದೆ.

ಬೆಳಿಗ್ಗೆ ಬಚ್ಚಲಲ್ಲಿ ಮಣೆಯ ಮೇಲೆ ಕೂತೆ. ಅತ್ತೆ ಬಿಸಿ ಎಣ್ಣೆಯನ್ನು ನೆತ್ತಿಗೆ ತಟ್ಟಿದರು. ಆ ಕೈಗೆ ಏನು ಜಾದೂವೋ, ಕಣ್ಣು ತಾನಾಗಿ ಮುಚ್ಚಿತು. ಕುತ್ತಿಗೆ, ಬೆನ್ನು, ಭುಜ. ಕಣ್ಣು ತೆರೆದಾಗ ಅತ್ತೆಯ ಅಂಗೈಯಲ್ಲಿ ನನ್ನ ಬಿಲ್ಲೆ ಇತ್ತು, ಅದರ ತಂತು ಎಣ್ಣೆಯಲ್ಲಿ ಮಿಂಚುತ್ತಿತ್ತು.

"ನೋಡು ನೀಲಾ, ಒಂದೀಟೂ ನೋವಾಗಲಿಲ್ಲ ಹೌದಿಲ್ಲೋ? ಅಂಟಿಗಿ ಎಣ್ಣಿನ ಮದ್ದು. ಸುತ್ತಾ ಹೊಲಸು ಕಟ್ಟಿತ್ತು. ತೊಳದ ಕೊಡ್ತೀನಿ, ಮತ್ತ ಹಚ್ಚಿಕೊ" ಎಂದರು.

ಕೈ ಹಚ್ಚಬೇಡ ಎಂದದ್ದು ನೋಯುತ್ತದೆ ಎನ್ನುವ ಕಾರಣಕ್ಕೆ ಎಂದು ಅವರು ತಿಳಿದಿದ್ದರು. ನೋಯದ ಹಾಗೆ ತೆಗೆದಿದ್ದರು. ಒಮ್ಮೆ ಹೊರಬಂದ ತಂತು ಮತ್ತೆ ಒಳಗೆ ಹೋಗುವುದಿಲ್ಲ ಎಂದು ನಾನು ಹೇಳುವಾಗ ದನಿ ಜೋರಾಯಿತು. ಅತ್ತೆ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸುತ್ತ ನಿಂತರು. "ಇಷ್ಟು ಎಣ್ಣಿಗಿ ಬಿಚ್ಚೂದು ಅದೆಂಥಾ ಮಷೀನ ಯವ್ವಾ?" ಎಂದರು. ಅದು ನನ್ನದೇ ಪ್ರಶ್ನೆಯಾಗಿತ್ತು. ಅವರ ಕೈ ಹಿಡಿದು ಸಮಾಧಾನ ಮಾಡಿ, ಎರಕೊಂಡು, ಒದ್ದೆ ಕೂದಲಲ್ಲೇ ಮೈದಾನಕ್ಕೆ ಹೋದೆ.

ಸತ್ತ ಬಿಲ್ಲೆಯನ್ನು ಪಟ್ಟಿಯಿಂದ ಮೆತ್ತಿಕೊಂಡು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಅಂಗಳದಲ್ಲಿ ಸುಳ್ಳು ಹಿಡಿಯುವುದೇ ನನ್ನ ಕೆಲಸ.

ಶಾಮಿಯಾನದ ಕೆಳಗೆ ಪಂದ್ಯ ನಡೆಸುವ ಶಾಲೆಯ ಹೆಡ್ ಮಾಸ್ತರರು ಕೂತಿದ್ದರು. ಹತ್ತಿರದಲ್ಲಿ ನನ್ನ ಜೊತೆ ಗೆರೆ ಕಾಯಬೇಕಿದ್ದ ಹಿರಿಯ ಅಂಪೈರ್ ಮಲ್ಲಣ್ಣ, ಅಂಕ ಬರೆಯುವವರು, ಇನ್ನಿಬ್ಬರು. ಚಹಾದವನು ಕಿಟಲಿ ಹಿಡಿದು ಬಂದು, "ಸಕ್ಕರಿ ಇಲ್ಲದ್ದು ಎಷ್ಟು ರೀ?" ಎಂದು ಕೇಳಿದ. ನಮ್ಮ ಕಡೆ ಈಗ ಎಲ್ಲಿ ಚಹಾ ಕೊಟ್ಟರೂ ಮೊದಲು ಈ ಪ್ರಶ್ನೆಯೇ. ಮೂರು ಕೈ ಎದ್ದವು: ಹೆಡ್ ಮಾಸ್ತರರದು, ಮಲ್ಲಣ್ಣನವರದು, ಅಂಕ ಬರೆಯುವವರದು. ನನ್ನದು ನಾಲ್ಕನೆಯದು.

ಚಹಾ ಕುಡಿದ ಮೇಲೆ ಹೆಡ್ ಮಾಸ್ತರರು, "ಮಷೀನ್ ಐತೇನ್ರೀ ಮೇಡಂ? ಮ್ಯಾಲಿಂದ ಹೇಳ್ಯಾರ" ಎಂದರು. ಕಿತ್ತುಬಂತು ಎಂದೆ. ಬೆರಳು ಚುಚ್ಚುವ ಮೀಟರು ತಂದಿದ್ದೇನೆ, ಆಟಕ್ಕೆ ಮುಂಚೆ ನೋಡುತ್ತೇನೆ, ಅರ್ಧ ಆಟದ ಬಿಡುವಿನಲ್ಲಿ ನೋಡುತ್ತೇನೆ, ಕಡಿಮೆಯಿದ್ದರೆ ಗ್ಲೂಕೋಸ್ ನೆಕ್ಕುತ್ತೇನೆ ಎಂದೆ.

"ಬ್ಯಾಡ್ರೀ. ರಕ್ತ ಬಂದ ಆಟಗಾರ್ತಿನ್ನ ಹೊರಗ ಕಳಸ್ತೀವಿ, ರೆಫ್ರಿ ಬೆರಳಾಗ ರಕ್ತ ಅಂದ್ರ ಹ್ಯಾಂಗ? ಆರಾಮಿಲ್ಲದವರು ಇಲ್ಲಿ ನೆರಳಾಗ ಕುಂದರ್ರಿ. ಊಟ ಮಾಡ್ಕೊಂಡು ಹೋಗೀರಂತ."

ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಲು ಹೋದರಂತೆ, ಹಾಗಾಯಿತು ಇವರ ಮಾತು.

"ಆಯ್ತು ಸರ್, ಕುಂದರ್ತೀನಿ" ಎಂದೆ. "ಈಗ ಸಕ್ಕರಿ ಇಲ್ಲದ ಚಾ ಕುಡದವರು ಎಲ್ಲಾರೂ ನನ್ನ ಬಾಜೂಕ ಕುರ್ಚಿ ಹಾಕ್ಕೊಂಡು ಕುಂದರ್ರಿ. ನಿಮ್ಮ ತೋಳಿನ್ಯಾಗೂ ಮಷೀನ್ ಇಲ್ಲ."

ಹೆಡ್ ಮಾಸ್ತರರು ಖಾಲಿ ಲೋಟದೊಳಗೆ ನೋಡಿದರು. ಮೊದಲು ನಕ್ಕವರು ಮಲ್ಲಣ್ಣ. "ಆಕಿ ಹೇಳೂದು ಖರೇನ ಅದ ಸರ. ನಾ ಕಡೀಕ ಯಾವಾಗ ನೋಡ್ಸೀನೋ ನನಗ ನೆನಪಿಲ್ಲ. ನನಗ ಯಾರೂ ಕೇಳಿಲ್ಲ" ಎಂದರು.

"ಹೆಣ್ಣಮಕ್ಕಳು ಬಿದ್ರ ಜವಾಬ್ದಾರಿ ನನ್ನ ಮ್ಯಾಲ ಬರ್ತದ್ರೀ" ಎಂದರು ಹೆಡ್ ಮಾಸ್ತರರು.

"ಗಂಡಸರು ಬಿದ್ರ?" ಎಂದೆ.

ಅವರು ಗಡಿಯಾರ ನೋಡಿಕೊಂಡು, "ನಡೀರಿ, ಹುಡುಗೂರು ಬಿಸಲಾಗ ನಿಂತಾವ" ಎಂದರು. ಅಷ್ಟೇ ಒಪ್ಪಿಗೆ. ನಾನು ಬೆರಳು ಚುಚ್ಚಿ ನೋಡಿಕೊಂಡು, ಹತ್ತಿ ಒತ್ತಿ, ಸೀಟಿ ಊದಿದೆ.

ಪಂದ್ಯ ಚೆನ್ನಾಗಿ ನಡೆಯಿತು. ಬಿಡುವಿನಲ್ಲಿ ನನ್ನದು ನೂರರ ಹತ್ತಿರ ಇತ್ತು; ಒಂದು ಚಿಕ್ಕಿ ತಿಂದೆ. ಮಲ್ಲಣ್ಣ ಯಾರೂ ನೋಡದ ಹಾಗೆ ಪಕ್ಕಕ್ಕೆ ಬಂದು ತಮ್ಮ ಬೆರಳನ್ನೂ ಚಾಚಿದರು. ಸೂಜಿ ಬದಲಿಸಿ ಚುಚ್ಚಿದೆ. ಮುನ್ನೂರು ದಾಟಿತ್ತು. "ಯಾರ ಮುಂದೂ ಹೇಳಬ್ಯಾಡವಾ" ಎಂದು ಬೆರಳು ಒರೆಸಿಕೊಂಡು ಮತ್ತೆ ಗೆರೆಯ ಮೇಲೆ ಹೋಗಿ ನಿಂತರು. ಅವರ ಮೇಲೆ ಕನಿಕರ ಬಂತು, ಜೊತೆಗೆ ಸಿಟ್ಟೂ. ಅಳತೆ ನೋಡಿಕೊಳ್ಳುವವಳು ರೋಗಿ, ನೋಡಿಕೊಳ್ಳದವರು ಗಟ್ಟಿಗರು. ಎಲ್ಲರಿಗೂ ಕಾಣುವ ಹಾಗೆ ಬಿಲ್ಲೆ ಹಚ್ಚಿಕೊಂಡದ್ದೇ ನನ್ನ ಅಪರಾಧ.

ಮಧ್ಯಾಹ್ನ ರಾಯಚೂರಿನ ಬಸ್ಸು ಹತ್ತಿದೆ. ಈ ಸಲ ಕಿಟಕಿ ಪಕ್ಕ ಸೀಟು ಸಿಕ್ಕಿತು. ನೀರಮಾನ್ವಿ ದಾಟುವಾಗ ರೆಫ್ರಿಗಳನ್ನು ಕಳಿಸುವ ಹಿರಿಯರ ಫೋನು ಬಂತು. ಮಾನ್ವಿಯ ಸುದ್ದಿ ಆಗಲೇ ಮುಟ್ಟಿತ್ತು. "ಮುಂದಿನ ವಾರದ ಪಂದ್ಯಕ್ಕ ಹೊಸಾ ಮಷೀನ್ ಹಾಕ್ಕೊಂಡ್ರಷ್ಟ ಹೆಸರು ಬರೀತೀನಿ" ಎಂದು ಇಟ್ಟುಬಿಟ್ಟರು.

ಆಗಲೇ ಬಿಲ್ಲೆ ಮಾರುವವರ ಸಹಾಯವಾಣಿಗೆ ಕರೆ ಮಾಡಿ, ಅರ್ಧಕ್ಕೇ ಕಿತ್ತುಬಂದಿದೆ, ಬದಲಿ ಕೊಡಿ ಎಂದು ಕೇಳಿದೆ. ಆ ಕಡೆ ಒಬ್ಬ ಹುಡುಗಿ. ದನಿ ಮೃದುವಾಗಿತ್ತು, ಪಾಠ ಒಪ್ಪಿಸುವ ಹಾಗಿತ್ತು.

"ಸೆನ್ಸರ್ ಹಾಕಿಕೊಂಡಿದ್ದಾಗ ಜಾಸ್ತಿ ಬೆವರುವಂಥ ಕೆಲಸ ಮಾಡಿದ್ರಾ ಮೇಡಂ?"

"ಮಾಡೀನಿ. ಕಬಡ್ಡಿ ಆಡಿಸೀನಿ."

"ಎಣ್ಣೆ ಏನಾದ್ರೂ ತಾಗಿತ್ತಾ?"

"ತಾಗಿತ್ತು."

"ಹಾಗಾದ್ರೆ ಬದಲಿ ಕೊಡೋಕೆ ಬರೋದಿಲ್ಲ ಮೇಡಂ. ಮುಂದಿನ ಸಲ ಆದಷ್ಟು ಓಡಾಟ ಕಡಿಮೆ ಮಾಡಿ, ರೆಸ್ಟ್ ತಗೊಳ್ಳಿ. ಆಗ ಬೀಳೋದಿಲ್ಲ."

ಎರಡು ದಿನ ನುಂಗಿಕೊಂಡದ್ದೆಲ್ಲ ನಾಲಿಗೆಯ ತುದಿಗೆ ಬಂತು. ಆದರೂ ಆ ಹುಡುಗಿಯ ಮೇಲೆ ಕೂಗಲಿಲ್ಲ.

"ತಂಗಿ," ಎಂದೆ, "ಸುಮ್ಮನ ಒಂದ ಕಡೆ ಕುಂದ್ರೂದಿದ್ರ ನನಗ ಇದು ಯಾಕ ಬೇಕಿತ್ತು?"