ಯಾರೂ ಕೈ ಎತ್ತದ ಪುಸ್ತಕ

ತಿಂಗಳಿಗೊಂದು ಭಾನುವಾರ ದಿಂಡಿಗಲ್ಲಿನಲ್ಲಿ ನಾವು ಏಳೆಂಟು ಮಂದಿ ಸೇರುತ್ತೇವೆ. ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರ ಮಹಡಿ ನಮ್ಮ ಜಾಗ. ಹೆಚ್ಚಿನವರ ತಲೆ ನರೆತಿದೆ, ಒಬ್ಬಿಬ್ಬರಿಗೆ ಮೊಮ್ಮಕ್ಕಳೂ ಇದ್ದಾರೆ. ಆದರೆ ಮಹಡಿ ಹತ್ತಿದ ಮೇಲೆ ಮಾತೆಲ್ಲ ಬೇರೆ ಗ್ರಹ, ಮಾಯದ ಕತ್ತಿ, ಬೆಂಕಿಯುಗುಳುವ ಪ್ರಾಣಿ, ಹಿಂದಕ್ಕೆ ಓಡುವ ಕಾಲ ಇವುಗಳದ್ದೇ. ನಿಯಮ ಸರಳ. ತನಗೆ ಅಚ್ಚುಮೆಚ್ಚಿನ ಒಂದು ಪುಸ್ತಕ ತರಬೇಕು, ಹತ್ತು ನಿಮಿಷ ಅದರ ಬಗ್ಗೆ ಹೇಳಬೇಕು, ಕೊನೆಯನ್ನು ಮಾತ್ರ ಬಾಯಿ ಬಿಡಬಾರದು. ಆಮೇಲೆ ಯಾರಾದರೂ ಕೈ ಎತ್ತುತ್ತಾರೆ. ಪುಸ್ತಕ ಅವರ ಮನೆಗೆ ಹೋಗುತ್ತದೆ. ಮುಂದಿನ ತಿಂಗಳು ತಂದವರೂ ಒಯ್ದವರೂ ಮೂಲೆಯಲ್ಲಿ ಕೂತು ಆ ಕೊನೆಯ ಬಗ್ಗೆ ಮನಸಾರೆ ಜಗಳವಾಡುತ್ತಾರೆ. ನಿಜ ಹೇಳಬೇಕೆಂದರೆ ನಾವು ಸೇರುವುದೇ ಆ ಜಗಳಕ್ಕಾಗಿ.

ನಾನು ಉತ್ತಮಪಾಳಯದವನು. ಬಾಳೆಕಾಯಿ ಮಾಗಿಸುವ ಕೋಣೆಗಳನ್ನು ಇಟ್ಟುಕೊಂಡಿದ್ದೇನೆ. ಅಲ್ಲಿಂದ ದಿಂಡಿಗಲ್ಲಿಗೆ ಎರಡು ಬಸ್ಸು, ಮೂರು ಗಂಟೆ. ನನ್ನ ಹೆಂಡತಿಗೆ ಇದು ದೊಡ್ಡ ತಮಾಷೆ. “ಮೂರು ಗಂಟೆ ಬಸ್ಸಲ್ಲಿ ಓಗಿ ಬೂತದ ಕದೆ ಕೇಟ್ಕೊಂಡು ಬತ್ತಾರೆ, ನಲ್ಲಾ ಮನುಷ್ಯ!” ಎಂದು, ಒಳ್ಳೆಯ ಮನುಷ್ಯನೆಂದು ಅಣಕಿಸಿ, ಟಿಫನ್ ಡಬ್ಬಿ ಕೈಗಿಡುತ್ತಾಳೆ. ಮಗಳಿಗೆ ಫೋನು ಸಾಕು. ಮನೆ ತುಂಬ ಜನ, ದಿನವಿಡೀ ಮಾತು, ಆದರೂ ನಾನು ಓದಿದ್ದನ್ನು ಹೇಳಿಕೊಳ್ಳಲು ಒಂದು ನರಪಿಳ್ಳೆ ಇಲ್ಲ. ಈ ದುಃಖವನ್ನು ನಾನು ಎಷ್ಟು ವರ್ಷ ಮುದ್ದಾಗಿ ಸಾಕಿಕೊಂಡು ಬಂದೆ ಎಂದರೆ, ಕೊನೆಗೆ ಅದು ನನಗೆ ಜಂಬದ ವಿಷಯವೇ ಆಗಿಬಿಟ್ಟಿತ್ತು.

ನಮ್ಮ ಜನ ಕನ್ನಡನಾಡಿನಿಂದ ತಮಿಳುನಾಡಿನ ಈ ಕಣಿವೆಗೆ ಬಂದು ಎಷ್ಟೋ ತಲೆಮಾರಾಯಿತು. ಮನೆಯಲ್ಲಿ ಕನ್ನಡ, ಬಾಗಿಲಾಚೆ ತಮಿಳು. ಬರೆಯುವುದು, ಓದುವುದು ತಮಿಳೇ. ನಮ್ಮಲ್ಲಿ ಕನ್ನಡದ ಅಕ್ಷರ ಬಲ್ಲವರು ಯಾರೂ ಇಲ್ಲ. ನನಗೆ ಬಂದಿದ್ದೂ ಆಕಸ್ಮಿಕವೇ. ಲೋಡಿನ ಜೊತೆ ಚಾಮರಾಜನಗರಕ್ಕೆ ಓಡಾಡುತ್ತಿದ್ದ ಕಾಲದಲ್ಲಿ ಅಂಗಡಿ ಬೋರ್ಡುಗಳನ್ನು ನೋಡಿ ಹೊಟ್ಟೆಕಿಚ್ಚಾಯಿತು. ನಾನಾಡುವ ಮಾತು ಇಷ್ಟು ದೊಡ್ಡದಾಗಿ ಗೋಡೆ ಮೇಲಿದೆ, ನನಗೇ ಓದಲಾಗದು ಎಂದರೆ ಏನರ್ಥ ಎಂದು ಮಕ್ಕಳ ಅಕ್ಷರಮಾಲೆ ಕೊಂಡು ತಂದೆ. ವರ್ಷ ತಿರುಗುವಷ್ಟರಲ್ಲಿ ತಡವರಿಸುತ್ತ ಓದತೊಡಗಿದೆ.

ಆ ಪುಸ್ತಕ ಸಿಕ್ಕಿದ್ದು ಪಳನಿಯಲ್ಲಿ, ಬೆಟ್ಟದ ಬುಡದ ಹಳೆಯ ಪೇಪರಿನ ಅಂಗಡಿಯಲ್ಲಿ. ಯಾರೋ ಯಾತ್ರಿಕರು ಲಾಡ್ಜಿನಲ್ಲಿ ಬಿಟ್ಟುಹೋದದ್ದಿರಬೇಕು. ರಟ್ಟೂ ಇಲ್ಲ, ಮೊದಲ ಹಾಳೆಗಳೂ ಇಲ್ಲ. ಬರೆದವರು ಯಾರು, ಹೆಸರೇನು, ಇಂದಿಗೂ ನನಗೆ ಗೊತ್ತಿಲ್ಲ. ಕನ್ನಡದ ಕತೆ, ಅದೂ ವಿಜ್ಞಾನದ ಕತೆ. ಭೂಮಿ ಬಿಟ್ಟು ಹೊರಟ ಒಂದು ನೌಕೆ. ನೂರಾರು ಜನ ಪೆಟ್ಟಿಗೆಗಳಲ್ಲಿ ಮಲಗಿದ್ದಾರೆ, ವರ್ಷಗಟ್ಟಲೆಯ ನಿದ್ದೆ. ಯಂತ್ರ ನೋಡಿಕೊಳ್ಳಲು ಸರದಿಯಲ್ಲಿ ಒಬ್ಬರು ಎದ್ದಿರಬೇಕು. ಒಬ್ಬ ಹೆಂಗಸಿನ ಸರದಿ ಮುಗಿಯುತ್ತದೆ, ಆದರೆ ಮುಂದಿನವರ ಪೆಟ್ಟಿಗೆ ತೆರೆದುಕೊಳ್ಳುವುದಿಲ್ಲ. ಬೇರೆ ಯಾರನ್ನಾದರೂ ಎಬ್ಬಿಸಬಹುದು, ಆದರೆ ಸರದಿಯವರ ಪೆಟ್ಟಿಗೆ ಮಾತ್ರ ಮತ್ತೆ ಮಲಗಿಸಬಲ್ಲದು, ಬೇರೆಯವರನ್ನು ಎಬ್ಬಿಸಿದರೆ ಅವರಿಗೆ ಮತ್ತೆ ನಿದ್ದೆಯಿಲ್ಲ, ಹೊಸ ನೆಲ ನೋಡುವ ಮೊದಲೇ ಮುದಿಯಾಗಿ ಸಾಯುತ್ತಾರೆ. ಅವಳು ಯಾರನ್ನೂ ಎಬ್ಬಿಸುವುದಿಲ್ಲ. ಮೂವತ್ತು ವರ್ಷ ಒಬ್ಬಳೇ ಎದ್ದಿದ್ದು, ಸುತ್ತ ಮಲಗಿದವರನ್ನು ಕಾಯುತ್ತ, ಹೊಸ ನೆಲ ಇನ್ನೇನು ಬಂತು ಎನ್ನುವಾಗ ಒಬ್ಬಳೇ ಸಾಯುತ್ತಾಳೆ. ಅದೇ ಕೊನೆ. ಮೊದಲ ಸಲ ಓದಿದ ದಿನ ಕಾಯಿ ಮಾಗಿಸುವ ಕೋಣೆಯ ಹಿಂದೆ ಹೋಗಿ ಅತ್ತಿದ್ದೆ. ಈ ಕೊನೆಯ ಬಗ್ಗೆ ಒಬ್ಬರ ಹತ್ತಿರವಾದರೂ ಮಾತಾಡಲೇಬೇಕು ಎನ್ನಿಸಿತು. ಅವಳು ಮಾಡಿದ್ದು ಸರಿಯೇ? ನಾನಾಗಿದ್ದರೆ ಎಬ್ಬಿಸುತ್ತಿದ್ದೆನೇ? ಓದಿದ ಇನ್ನೊಬ್ಬರು ಇಲ್ಲದೆ ಇದನ್ನು ಯಾರಲ್ಲಿ ಕೇಳಲಿ?

ಒಂದು ಭಾನುವಾರ ಅದನ್ನು ದಿಂಡಿಗಲ್ಲಿಗೆ ಒಯ್ದೆ. ಹತ್ತು ನಿಮಿಷ ತಮಿಳಿನಲ್ಲಿ ಚೆನ್ನಾಗಿಯೇ ಹೇಳಿದೆ. ಎಲ್ಲರೂ ಮುಂದೆ ಬಾಗಿ ಕೇಳಿದರು. ನೌಕೆಗೆ ಇಂಧನ ಯಾವುದು, ವೇಗ ಎಷ್ಟು ಎಂದೆಲ್ಲ ವಿಚಾರಿಸಿದರು. ಮುಗಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಒಬ್ಬರೂ ಕೈ ಎತ್ತಲಿಲ್ಲ. ಹೇಗೆ ಎತ್ತುತ್ತಾರೆ? ಒಬ್ಬರು ಪುಟ ತೆಗೆದು ದುಂಡಗಿನ ಅಕ್ಷರಗಳನ್ನು ನೋಡಿ “ಅಳಗಾಯಿರುಕ್ಕು” ಎಂದು ಹೊಗಳಿ ಮತ್ತೆ ಅಲ್ಲೇ ಇಟ್ಟರು. ಚೆಂದವಿದೆಯಂತೆ! ಚೆಂದ ನೋಡಲು ನಾನೇನು ಸೀರೆ ತಂದಿದ್ದೆನೇ? ಓದಬಲ್ಲವರಿಗೆ ಆ ಮಾತು ಬಾರದು, ಮಾತು ಬಲ್ಲ ನಮ್ಮವರಿಗೆ ಓದು ಬಾರದು. ವತ್ತಲಗುಂಡು ದಾಟುವವರೆಗೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಅಂದಿನಷ್ಟು ಒಂಟಿ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಕ್ಕ ಜಗಲಿಯಲ್ಲಿ ಕೂತಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ವೇದಸಂದೂರಿಗೆ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ವಾಪಸು ಬಂದವಳು. ಆಗ ನನಗೆ ಹನ್ನೆರಡು. ಅಂದಿನಿಂದ ಈ ಮನೆಯಲ್ಲೇ ಇದ್ದಾಳೆ. ನನ್ನ ಚೀಲದ ಮೇಲೆ ಅವಳ ಕಣ್ಣು ಬಿತ್ತು.

“ಏನ್ ತಂಬಿ, ಕೊಂಡೋದ ಬುಕ್ಕೇ ತಿರುಗ ಕೊಂಡ್ಬಂದಿದ್ದೀಯಲ್ಲ? ಯಾರೂ ಎತ್ಕೊಳ್ಲಿಲ್ಲೆಯಾ?”

“ಅವ್ರಿಗೆ ಓದಕೆ ಬರದು ಅಕ್ಕ. ಇದು ನಮ್ಮ ಮಾತಲ್ಲಿ ಇದೆ.”

“ನಮ್ಮ ಮಾತಲ್ಲಿ ಬುಕ್ಕಾ?” ಅಕ್ಕನಿಗೆ ನಗು ಬಂತು. “ನಮ್ಮ ಮಾತ ಬರೆಯಕೆ ಆಗ್ತದಾ? ಸೆರಿ, ನಾಳೆ ಓದು ಪಾಪ್ಪಂ,” ಎಂದಳು, ನೋಡಿಯೇ ಬಿಡೋಣ ಎನ್ನುವಂತೆ.

ಕಾಯಿ ಮಾಗಲೆಂದು ಕೋಣೆಗೆ ಗ್ಯಾಸ್ ಬಿಟ್ಟ ಮೇಲೆ ಒಂದು ಇಡೀ ದಿನ ಬಾಗಿಲು ತೆಗೆಯುವಂತಿಲ್ಲ. ಆ ಮಧ್ಯಾಹ್ನಗಳಲ್ಲಿ ನನಗೆ ಕೆಲಸವೂ ಇಲ್ಲ. ಅಕ್ಕ ಮುಂದಿನ ಲೋಡಿನ ಗೊನೆಗಳಿಂದ ಚಿಪ್ಪು ಕೊಯ್ದು ಕೊಯ್ದು ನೀರಿನ ತೊಟ್ಟಿಗೆ ಬಿಡುತ್ತಾಳೆ. ಅಲ್ಲಿ ಒಂದು ಕ್ರೇಟು ಮಗುಚಿ ಕೂತು ಓದತೊಡಗಿದೆ. ಎರಡು ಸಾಲು ಆಗುವಷ್ಟರಲ್ಲಿ ಅಕ್ಕ ಕೈ ಅಡ್ಡ ಹಿಡಿದಳು.

“ಇದು ನಮ್ಮ ಮಾತು ಇಲ್ಲೆ. ಪೂಜಾರಿ ಮಂತ್ರ ಏಳ್ದಂಗೆ ಇದೆ. ನೀ ಓದ್ಕ, ನಂಗೆ ನಮ್ಮ ಮಾತಲ್ಲಿ ಏಳು.”

ಹಾಗಾಗಿ ನೌಕೆ ಆಕಾಶದ ಕಪ್ಪಲು, ಅಂದರೆ ಹಡಗು, ಆಯಿತು. ಒಂದು ಸಾಲು ಕಣ್ಣಲ್ಲಿ ಓದುವುದು, ಅದನ್ನು ಮನೆಯ ಮಾತಿಗೆ ತಿರುವಿ ಹೇಳುವುದು. ಬೆವರು ಕಿತ್ತುಕೊಂಡು ಬರುತ್ತಿತ್ತು. ಆದರೆ ಅಕ್ಕ ಕೇಳುತ್ತಿದ್ದ ಪ್ರಶ್ನೆಗಳನ್ನು ದಿಂಡಿಗಲ್ಲಿನಲ್ಲಿ ಯಾರೂ ಕೇಳಿರಲಿಲ್ಲ. ಮಲಗಿರುವವರ ಉಗುರು ಬೆಳೆಯುತ್ತದೋ? ಹೊತ್ತು ಹುಟ್ಟದ ಕಡೆ ಆ ಹೆಂಗಸಿಗೆ ಬೆಳಗಾಯಿತೆಂದು ಹೇಗೆ ಗೊತ್ತಾಗಬೇಕು? ಒಬ್ಬಳಿಗೇ ಅಂತ ಸಾರು ಕಾಯಿಸುತ್ತಾಳೋ, ಇಲ್ಲ ಗಂಜಿಯಲ್ಲೇ ಕಳೆಯುತ್ತಾಳೋ? ಕೊನೆಗೂ ಒಬ್ಬ ಓದುಗಾರ್ತಿ ಸಿಕ್ಕಳು ಎಂದು ನಾನು ಹಿಗ್ಗಿಹೋದೆ. ಕೊನೆಯ ಅಧ್ಯಾಯಕ್ಕೆ ದಿನ ಎಣಿಸತೊಡಗಿದೆ. ಅದು ಮುಗಿದ ಕೂಡಲೇ ಕೇಳಬೇಕು, ಹೇಳಕ್ಕಾ, ನೀನಾಗಿದ್ದರೆ ಎಬ್ಬಿಸುತ್ತಿದ್ದೆಯಾ?

ಆ ದಿನ ಬಂತು. ಅಕ್ಕ ಕತ್ತಿ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಅಷ್ಟು ದಿನದಲ್ಲಿ ಅವಳು ಕೆಲಸ ನಿಲ್ಲಿಸಿದ್ದು ಅದೇ ಮೊದಲು.

“ಪಾವ, ಇನ್ನೊಬ್ರು ಎದ್ದು ಬಂದ್ಬಿಟ್ರೆ ನಲ್ಲಾ ಇರ್ತದೆ,” ಎಂದು ಮರುಗಿದಳು.

ಅವಳ ಮುಖ ನೋಡಿದೆ. ಎಬ್ಬಿಸಿಬಿಟ್ಟೆ. ಪುಸ್ತಕದಲ್ಲಿ ತೆರೆಯದ ಪೆಟ್ಟಿಗೆಯನ್ನು ನಾನೇ ತೆರೆದೆ. ಅದರೊಳಗಿಂದ ಇನ್ನೊಬ್ಬ ಹೆಂಗಸು ಎದ್ದು ಬಂದಳು, ಇಬ್ಬರೂ ಮಾತಾಡಿಕೊಂಡು, ಜಗಳವಾಡಿಕೊಂಡು ಒಟ್ಟಿಗೇ ಮುದುಕಿಯರಾದರು ಎಂದು ಹೇಳಿದೆ. ಸುಳ್ಳು ಬಹಳ ಸಲೀಸಾಗಿ ಬಂತು. ಅಕ್ಕ “ನಲ್ಲದು” ಎಂದು ಹೇಳಿ ಕತ್ತಿ ಎತ್ತಿಕೊಂಡಳು. ನನಗೆ ಕೇಳಲು ಯಾವ ಪ್ರಶ್ನೆಯೂ ಉಳಿಯಲಿಲ್ಲ. ಮೂರು ವಾರ ಕಷ್ಟಪಟ್ಟು ಬೆಳೆಸಿದ ಒಬ್ಬಳೇ ಒಬ್ಬ ಓದುಗಾರ್ತಿಯನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ.

ಮಾರನೆಯ ವರ್ಷ ವೇದಸಂದೂರಿನಲ್ಲಿ ನಮ್ಮವರದೊಂದು ಮದುವೆ. ಊಟವಾದ ಮೇಲೆ ಅಕ್ಕನ ಗಂಡನ ಕಡೆಯ ಒಬ್ಬ ತಾತ ಎಳೆಯರನ್ನು ಸುತ್ತ ಕೂರಿಸಿಕೊಂಡು ನಾವು ಇಲ್ಲಿಗೆ ಬಂದ ಕತೆ ಹೇಳುತ್ತಿದ್ದರು. ಆ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಓಡಿಬಂದ ನಮ್ಮವರಿಗೆ ತುಂಬಿದ ಹೊಳೆ ಅಡ್ಡ ಬಂತು, ದಡದ ಹೊಂಗೆ ಮರ ಬಾಗಿ ಸೇತುವೆಯಾಯಿತು, ಎಲ್ಲರೂ ದಾಟಿದರು. ಅಲ್ಲಿಗೆ ಮುಗಿಯಬೇಕು. ತಾತ ಮುಗಿಸಲಿಲ್ಲ.

“ದಾಟಿದ್ಮೇಲೆ ಒಂದು ದೊಡ್ಡ ಕಪ್ಪಲು. ಎಲ್ಲಾರೂ ಪೆಟ್ಟಿಗೇಲಿ ಮಲಗಿದ್ರು. ಇಬ್ರು ಎಂಗಸ್ರು ಮಾತ್ರ ಎದ್ದು ಕಾದ್ರು. ಅವ್ರು ಕಾದದ್ರಿಂದ ತಾನೆ ನಾವು ಇವತ್ತು ಇದ್ದೀವಿ!”

ನನಗೆ ನಗು ಬರಬೇಕಿತ್ತು. “ತಾತ, ಅದು ನಮ್ಮ ಕದೆ ಇಲ್ಲೆ, ಒಂದು ಬುಕ್ಕಲ್ಲಿ ಇರೋದು,” ಎಂದೆ. ಅವರು ಏನೂ ಗೊತ್ತಿಲ್ಲದವನೆಂಬ ಕನಿಕರದಿಂದ ನನ್ನತ್ತ ನೋಡಿ, “ನಿಂಗೇನು ತೆರಿಯುಂ ಪಾ? ಓಗಿ ನಿಮ್ಮ ಅಕ್ಕನ್ನ ಕೇಳು,” ಎಂದರು. ಎಳೆಯರು ಕಿಸಕ್ಕೆಂದರು. ಒಂದು ಪುಸ್ತಕವನ್ನು ಒಬ್ಬರಿಗಾದರೂ ದಾಟಿಸಬೇಕೆಂದು ಹಂಬಲಿಸಿದ್ದೆ, ಈಗ ಊರೂರು ದಾಟಿತ್ತು. ಆದರೆ ಹೋದದ್ದೆಲ್ಲ ನಾನು ಕಟ್ಟಿದ ಇಬ್ಬರು ಹೆಂಗಸರು. ಒಬ್ಬಳೇ ಕೂತವಳು ನನ್ನ ಬಳಿಯಲ್ಲೇ ಉಳಿದುಬಿಟ್ಟಿದ್ದಳು. ಅವಳಿಗೆ ನಾನು ಮೋಸ ಮಾಡಿದೆ ಎನ್ನಿಸಿತು.

ಮರುದಿನ ಮಧ್ಯಾಹ್ನ ಪುಸ್ತಕ ಹಿಡಿದುಕೊಂಡೇ ತೊಟ್ಟಿಯ ಬಳಿ ಹೋದೆ. ಅಕ್ಕ ಚಿಪ್ಪು ಕೊಯ್ಯುತ್ತಿದ್ದಳು.

“ಅಕ್ಕ, ಒಂದು ತಪ್ಪು ಮಾಡ್ಬಿಟ್ಟೆ. ಕೊನೇಲಿ ಯಾರೂ ಎದ್ದು ಬರ್ಲಿಲ್ಲೆ. ನಾನೇ ಸುಮ್ಮ ಸೇರಿಸಿ ಏಳ್ದೆ.”

ಅವಳು ತಲೆ ಎತ್ತಲಿಲ್ಲ. “ತೆರಿಯುಂ ತಂಬಿ. ಅವತ್ತೇ ಗೊತ್ತು. ಅಷ್ಟೊತ್ತು ಏಳ್ದೆ, ಒಂದು ಹಾಳೆ ಕೂಡ ತಿರುವ್ಲಿಲ್ಲೆ ನೀನು.”

ನಾನು ಕೈಯಲ್ಲಿದ್ದ ಪುಸ್ತಕ ನೋಡಿಕೊಂಡೆ. “ಗೊತ್ತಿದ್ದೂ ಅಪ್ಪುರ ಯಾಕೆ ಎಲ್ಲಾರ್ಗೂ ಇಬ್ರು ಅಂತಲೇ ಏಳ್ದೆ?”

“ಕೇಳೋರ್ಗೆ ನಿದ್ದೆ ಬರ್ಬೇಕಲ್ಲ.”

“ಈಗ ನಿಜವಾದ್ದ ಓದ್ಲಾ?”

ಅಕ್ಕ ಕೊಯ್ದ ಚಿಪ್ಪನ್ನು ನೀರಿಗೆ ಬಿಟ್ಟಳು. ಅದು ಮುಳುಗಿ ಮೇಲೆ ಬಂತು.

“ಬೇಡ. ಎಲ್ಲಾರೂ ಮಲಗಿರ ಮನೇಲಿ ಒಬ್ಳೇ ಎದ್ದು ಕೂತಿರೋದ್ನ ನಂಗೆ ನೀನು ಓದಿ ಏಳ್ಬೇಕಾ?”

ಕೋಪವಿರಲಿಲ್ಲ ಅವಳ ದನಿಯಲ್ಲಿ. ಮುಕ್ಕಾಲು ಜೀವಮಾನ ಅವಳೊಂದಿಗೆ ಒಂದೇ ಮನೆಯಲ್ಲಿ ಉಂಡಿದ್ದೇನೆ. ನನ್ನ ಜ್ವರಕ್ಕೆ, ನನ್ನ ಮಗಳ ಜ್ವರಕ್ಕೆ ಎದ್ದು ಕೂತವಳು ಅವಳು. ನನ್ನ ಜೊತೆ ಓದುವವರಿಲ್ಲ ಎಂದು ಅವಳೆದುರಿಗೇ ಎಷ್ಟು ಸಲ ಗೋಳಾಡಿದ್ದೇನೆ, ಅವಳು ಒಂದು ಸಲವೂ ತನ್ನದನ್ನು ಎತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಕ್ರೇಟಿನ ಮೇಲೆ ಕೂತು, ಪುಸ್ತಕ ಮುಚ್ಚಿ, ಕೇಳಿದೆ.

“ನಿಂಗೆ ಒಂಟಿ ಅನಿಸ್ತದಾ ಅಕ್ಕ?”

ಅವಳು ಆಗ ತಲೆ ಎತ್ತಿದಳು. ಕತ್ತಿ ಕೆಳಗಿಟ್ಟಳು.

“ಇದ ಕೇಳಕೆ ನಿಂಗೆ ಒಂದು ಬುಕ್ಕು ಬೇಕಾಯ್ತಾ, ತಂಬಿ?”