ಗಾಣ ಬಿಟ್ಟ ವರ್ಷದ ಎಳ್ಳಮವಾಸ್ಯೆ

ಇವತ್ತು ಅಂಗಡಿಯಲ್ಲಿ ಯಾರೋ ಕುಸುಬಿ ಎಣ್ಣೆಯ ಬಾಟಲಿ ತೆರೆದರು. ಆ ವಾಸನೆಗೆ ಹುನಗುಂದದ ನಮ್ಮ ಓಣಿಯ ಗಾಣದ ಈರಪ್ಪಕಾಕಾ ನೆನಪಿನಲ್ಲಿ ಎದ್ದು ಬಂದ.

ನಮ್ಮ ಹೊಲದ ಕುಸುಬಿಯನ್ನು ಅವನೇ ಗಾಣಕ್ಕೆ ಹಾಕುತ್ತಿದ್ದ; ಎಣ್ಣೆ ನಮಗೆ, ಹಿಂಡಿ ಎಮ್ಮೆಗೆ. ಆಮೇಲೆ ಪೇಟೆಯ ಡಬ್ಬಿ ಎಣ್ಣೆ ಬಂತು. ಓಣಿಯವರು ಒಬ್ಬೊಬ್ಬರಾಗಿ ಗಾಣ ಬಿಟ್ಟರು. ಕೊನೆಗೆ ಅವ್ವನೂ ಅದನ್ನೇ ತಂದು, ಗುಟ್ಟಾಗಿ ಹಳೇ ಗಡಿಗೆಗೆ ಸುರಿದಳು.

ಎಳ್ಳಮವಾಸ್ಯೆಗೆ ಎಂದಿನಂತೆ ಕಾಕಾ ನಮ್ಮ ಹೊಲಕ್ಕೆ ಊಟಕ್ಕೆ ಬಂದ. ಅವ್ವ ಅವನ ಶೇಂಗಾ ಚಟ್ನಿಯಲ್ಲಿ ಕುಳಿ ಮಾಡಿ ಎಣ್ಣೆ ಹಾಕಿದಳು. ರೊಟ್ಟಿ ಅದ್ದಿ ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿದ. ಸುತ್ತಲೂ ನಮ್ಮದೇ ಕುಸುಬಿ ನಿಂತಿತ್ತು.

“ವೈನೀ, ನೀವೂ ಬಿಟ್ರೇನ್ರಿ?” ಅಂತ ಅವ್ವನನ್ನು ಕೇಳಿದ. “ನಾ ಇನ್ನ ಯಾರ ಸಲುವಾಗಿ ಗಾಣಕ್ಕ ಎತ್ತು ಹೂಡ್ಲಿ?”

ಅವ್ವ ಗಡಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಳು.

ಈಗಲೂ ಬೇಕೆಂದರೆ ಕುಸುಬಿಯನ್ನು ನಾವು ನಾಳೆಯೇ ಬಿತ್ತಬಹುದು. ಹಿಂಡಲು ಯಾರನ್ನು ಕರೆಯಲಿ?